ಬಂಜೆ ಎಂಬ ಮಾತೂ ಒಂದು ಶಸ್ತ್ರಚಿಕಿತ್ಸೆಯ ಚರಿತ್ರೆಯೂ

ಸಂಸ್ಕೃತದ ‘ಸಂಧ್ಯಾ’ ಕನ್ನಡಿಗರ ಬಾಯಲ್ಲಿ ‘ಸಂಜೆ’ಯಾಯಿತು, ‘ವಂಧ್ಯಾ’ ‘ಬಂಜೆ’ಯಾಯಿತು. ತದ್ಭವಗಳ ಪಾಠ ಹೇಳುವಾಗ ಈ ಎರಡು ಮಾತುಗಳನ್ನು ಒಂದರ ಕೆಳಗೊಂದರಂತೆ ಕರಿಹಲಗೆಯ ಮೇಲೆ ಬರೆಯುವುದು ನನ್ನ ವಾಡಿಕೆ. ಧ್ಯಕಾರವು ಜಕಾರವಾಗುವುದಕ್ಕೆ ಇವಕ್ಕಿಂತ ಸೊಗಸಾದ ಜೋಡಿ ಬೇಕಿಲ್ಲ. ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ಇದಕ್ಕೆ ಪುಲ್ಲಿಂಗ ಯಾವುದು?” ಎಂದು ಕೇಳಿದಳು. ತರಗತಿ ನಕ್ಕಿತು. ನನಗೆ ಮಾತ್ರ ಉತ್ತರ ತೋಚಲಿಲ್ಲ. ಪಂಡಿತರು ಹುಡುಕಿ ತೆಗೆದುಕೊಡುವ ಮಾತು ಇದ್ದೀತು. ಬೀದಿಯಲ್ಲಿ ಗಂಡಸನ್ನು ಬೈಯುವುದಕ್ಕೆ ಒದಗುವ ಮಾತು ಇಲ್ಲ.

ಆ ಪ್ರಶ್ನೆ ನನ್ನನ್ನು ನಮ್ಮೂರಿನ ಬೀದಿಗೆ ಕರೆದುಕೊಂಡು ಹೋಯಿತು. ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ಹೆಂಗಸಿದ್ದರು. ಹಪ್ಪಳ ಸಂಡಿಗೆ ಮಾಡಿ ಮಾರಿ ಜೀವನ ಸಾಗಿಸುತ್ತಿದ್ದುದರಿಂದ ಮಕ್ಕಳಾದ ನಾವು ಅವರನ್ನು ಹಪ್ಪಳದತ್ತೆ ಎನ್ನುತ್ತಿದ್ದೆವು. ಮದುವೆಯಾಗಿ ಮೂರೇ ತಿಂಗಳಿಗೆ ಗಂಡನ ಮನೆಯವರು ತಂದು ಬಿಟ್ಟುಹೋದವರು ಮತ್ತೆ ಕರೆದೊಯ್ಯಲಿಲ್ಲ. ಆತನಿಗೆ ಬೇರೆ ಮದುವೆಯಾಯಿತು. “ಅವಳು ಮೈನೆರೆದೇ ಇರಲಿಲ್ಲವಂತೆ, ಮುಚ್ಚಿಟ್ಟು ಧಾರೆ ಎರೆದರು” ಎಂದು ಮುದುಕಿಯರು ಪಿಸುಗುಟ್ಟುತ್ತಿದ್ದರು. ಯಾರ ಮನೆಯ ಸೀಮಂತಕ್ಕೂ ಅವರನ್ನು ಕರೆಯುತ್ತಿರಲಿಲ್ಲ. ಹಪ್ಪಳವನ್ನು ಮಾತ್ರ ಮುಂಚಿತವಾಗಿಯೇ ಹೇಳಿ ತರಿಸಿಕೊಳ್ಳುತ್ತಿದ್ದರು. ಅವರಿಗೆ ಏನಾಗಿತ್ತೆಂದು ಯಾವ ವೈದ್ಯರೂ ನೋಡಿರಲಿಲ್ಲ. ಆದುದರಿಂದ ಅದು ಇಂಥದೇ ಎಂದು ನಾನು ಹೇಳಲಾರೆ. ಆದರೆ ಮೈನೆರೆಯದ ಹೆಣ್ಣುಮಕ್ಕಳಲ್ಲಿ ಕೆಲವರ ದೇಹರಚನೆ ಹೇಗಿರುತ್ತದೆ, ಅದನ್ನು ಸರಿಪಡಿಸಲು ಲೋಕದ ಶಸ್ತ್ರವೈದ್ಯರು ಏನೇನು ಮಾಡಿದರು ಎಂಬುದನ್ನು ಓದುತ್ತ ಹೋದಂತೆ ಅವರ ನೆನಪು ಬಿಡದೆ ಬಂದಿತು. ಭಾನುವಾರದ ಪುರವಣಿಯಲ್ಲಿ ಇಂಥ ವಿಷಯವೇ ಎಂದು ಕೆಲವರು ಹುಬ್ಬೇರಿಸಿಯಾರು. ಅವರಲ್ಲಿ ನನ್ನ ಬಿನ್ನಹ ಇಷ್ಟೆ: ಈ ಹುಬ್ಬೇರಿಕೆಯೂ ಮುಂದೆ ಹೇಳುವ ಚರಿತ್ರೆಯ ಒಂದು ಪಾತ್ರವೇ ಆಗಿದೆ.

ಮೊದಲು ಸಂಗತಿಯನ್ನು ತಿಳಿಯೋಣ. ತಾಯಿಯ ಹೊಟ್ಟೆಯಲ್ಲಿರುವ ಹೆಣ್ಣು ಪಿಂಡದಲ್ಲಿ ಆರಂಭದ ವಾರಗಳಲ್ಲಿ ಎರಡು ಸಣ್ಣ ನಾಳಗಳು ಮೂಡುತ್ತವೆ. ಜರ್ಮನಿಯ ಯೊಹಾನೆಸ್ ಮ್ಯೂಲರ್ ೧೮೩೦ರಲ್ಲಿ ಅವನ್ನು ವಿವರಿಸಿದುದರಿಂದ ಅವಕ್ಕೆ ಮ್ಯೂಲರನ ನಾಳಗಳೆಂದು ಹೆಸರು. ಇವೆರಡೂ ಕೂಡಿ ಬೆಳೆದು ಗರ್ಭಕೋಶವೂ ಯೋನಿಮಾರ್ಗದ ಮೇಲಿನ ಭಾಗವೂ ಆಗಬೇಕು. ಸುಮಾರು ನಾಲ್ಕೂವರೆ-ಐದು ಸಾವಿರ ಹೆಣ್ಣು ಶಿಶುಗಳಲ್ಲಿ ಒಂದಕ್ಕೆ ಈ ಕೆಲಸ ನಡುದಾರಿಯಲ್ಲೇ ನಿಂತುಬಿಡುತ್ತದೆ. ಗರ್ಭಕೋಶ ಇರುವುದಿಲ್ಲ, ಇಲ್ಲವೆ ಎರಡು ಸಣ್ಣ ಗಂಟುಗಳಷ್ಟೇ ಇರುತ್ತವೆ. ಯೋನಿಯ ಸ್ಥಾನದಲ್ಲಿ ಒಂದು ಸಣ್ಣ ಕುಳಿ ಮಾತ್ರ ಕಾಣುತ್ತದೆ. ಸುಮಾರು ಮೂವರಲ್ಲಿ ಒಬ್ಬರಿಗೆ ಮೂತ್ರಪಿಂಡದ ರಚನೆಯಲ್ಲಿಯೂ ಏನಾದರೂ ವ್ಯತ್ಯಾಸವಿರುವುದುಂಟು.

ಆದರೆ ಅಂಡಾಶಯಗಳು ಬೇರೆ ಮೂಲದಿಂದ ಬರುವುವಾದ್ದರಿಂದ ಅವು ಸರಿಯಾಗಿಯೇ ಇರುತ್ತವೆ. ವರ್ಣತಂತುಗಳು ಹೆಣ್ಣಿನವೇ. ಎದೆ ತುಂಬುತ್ತದೆ, ದನಿ ಇಂಪಾಗುತ್ತದೆ, ಹುಡುಗಿ ಓರಗೆಯವರಂತೆಯೇ ಬೆಳೆಯುತ್ತಾಳೆ. ಬಾರದಿರುವುದು ಮುಟ್ಟು ಒಂದೇ. ಹದಿನೈದು ಹದಿನಾರಾದರೂ ಬರಲಿಲ್ಲವೆಂದು ಯಾರಾದರೂ ವೈದ್ಯರಲ್ಲಿಗೆ ಕರೆದುಕೊಂಡು ಹೋದರೆ ಆಗ ತಿಳಿಯುತ್ತದೆ; ಹೋಗದಿದ್ದರೆ ಮದುವೆಯ ರಾತ್ರಿ ತಿಳಿಯುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ಅದು ತಿಳಿದದ್ದು ಈ ಎರಡನೆಯ ರೀತಿಯಲ್ಲಿ.

ಈ ಸ್ಥಿತಿಗೆ ವೈದ್ಯಲೋಕ ಇಟ್ಟಿರುವ ಹೆಸರು ನಾಲ್ಕು ಮಂದಿಯದು: ಮೇಯರ್, ರೊಕಿಟಾನ್‌ಸ್ಕಿ, ಕ್ಯೂಸ್ಟರ್, ಹೌಸರ್. ಮೇಯರ್ ೧೮೨೯ರಲ್ಲಿಯೂ, ವಿಯೆನ್ನಾದ ಮಹಾರೋಗಶಾಸ್ತ್ರಜ್ಞ ರೊಕಿಟಾನ್‌ಸ್ಕಿ ೧೮೩೮ರಲ್ಲಿಯೂ, ಕ್ಯೂಸ್ಟರ್ ೧೯೧೦ರಲ್ಲಿಯೂ, ಸ್ವಿಟ್ಜರ್ಲೆಂಡಿನ ಹೌಸರ್ ತನ್ನ ಸಹೋದ್ಯೋಗಿಯೊಡನೆ ೧೯೬೧ರಲ್ಲಿಯೂ ಇದನ್ನು ವಿವರಿಸಿದರು. ಒಂದು ಸ್ಥಿತಿಗೆ ನೆಟ್ಟಗೆ ಒಂದು ಹೆಸರು ಬರಲು ನೂರಮೂವತ್ತೆರಡು ವರ್ಷ ಹಿಡಿಯಿತು! ಒಬ್ಬ ವೈದ್ಯ ಕಂಡದ್ದು ಇನ್ನೊಬ್ಬನಿಗೆ ತಿಳಿಯದೆ ಪುಸ್ತಕದಲ್ಲೇ ಮಲಗುವುದು ಈ ಚರಿತ್ರೆಯಲ್ಲಿ ಮೇಲಿಂದ ಮೇಲೆ ಕಾಣುವ ಸಂಗತಿ.

ಹಳಬರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಇಪ್ಪತ್ತು ಯೋನಿವ್ಯಾಪತ್ತುಗಳ ಎಣಿಕೆ ಇದೆ. ಅವುಗಳಲ್ಲಿ ‘ಸೂಚೀಮುಖೀ’ ಎಂಬುದು ಹುಟ್ಟಿನಿಂದಲೇ ದ್ವಾರ ಕಿರಿದಾಗಿರುವುದು. ‘ಷಂಢೀ’ ಎಂಬುದು ಬೀಜದೋಷದಿಂದ ಗರ್ಭಾಶಯವೇ ಕೆಟ್ಟು ಹುಟ್ಟುವುದು. ಷಂಢಿಗೆ ಸ್ತನಗಳೂ ಇರುವುದಿಲ್ಲವೆಂದು ಹೇಳಿರುವುದರಿಂದ ನಾವು ಹೇಳುತ್ತಿರುವ ಸ್ಥಿತಿಯೇ ಅದೆಂದು ಸಾಧಿಸಹೊರಡುವುದು ಸಲ್ಲದು. ನಮ್ಮಲ್ಲಿ ಎಲ್ಲವೂ ಇತ್ತೆಂಬ ಉತ್ಸಾಹಕ್ಕೆ ಇಲ್ಲಿ ಕಡಿವಾಣ ಬೇಕು. ಗಮನಿಸತಕ್ಕದ್ದು ಬೇರೆ ಎರಡು ಮಾತು: ಷಂಢಿಯನ್ನು ಅಸಾಧ್ಯವೆಂದು ಕೈಬಿಟ್ಟರು, ಸೂಚೀಮುಖಿಗೆ ಕಾರಣ ಬಸುರಿಯಾಗಿದ್ದಾಗ ತಾಯಿ ತಿಂದ ಆಹಾರವೆಂದರು. ಪಶ್ಚಿಮದಲ್ಲಿ ಪಾದುವಾದ ಅಂಗರಚನಾ ಪಂಡಿತ ರಿಯಾಲ್ಡೊ ಕೊಲಂಬೊ ಬರೆದು ೧೫೫೯ರಲ್ಲಿ ಅಚ್ಚಾದ ಗ್ರಂಥದಲ್ಲಿ ಗರ್ಭಕೋಶವಿಲ್ಲದ ಹೆಣ್ಣೊಬ್ಬಳ ಪ್ರಸ್ತಾಪ ಬರುತ್ತದೆ. ಅಲ್ಲಿಯೂ ಅದು ಒಂದು ವಿಚಿತ್ರವೆಂದು ಬರೆದಿಟ್ಟ ಸಂಗತಿಯೇ ಹೊರತು ಚಿಕಿತ್ಸೆಯ ಮಾತಿಲ್ಲ.

ಚಿಕಿತ್ಸೆಯ ಮೊದಲ ಸಾಹಸಗಳು ಹತ್ತೊಂಬತ್ತನೆಯ ಶತಮಾನದ ಪ್ಯಾರಿಸಿನಲ್ಲಿ ನಡೆದವು. ೧೮೧೭ರಲ್ಲಿ ಡ್ಯುಪ್ಯುಟ್ರನ್ ಎಂಬ ಪ್ರಸಿದ್ಧ ಶಸ್ತ್ರವೈದ್ಯ ಪ್ರಯತ್ನಿಸಿದನೆಂದು ವೈದ್ಯಚರಿತ್ರೆಗಳು ಹೇಳುತ್ತವೆ. ೧೮೩೨ರಲ್ಲಿ ಆಮ್ಯುಸಾ ಎಂಬಾತ ಕತ್ತಿಗಿಂತ ಹೆಚ್ಚಾಗಿ ಬೆರಳಿನ ಒತ್ತಡವನ್ನೇ ನಂಬಿ, ಹಲವು ಹಂತಗಳಲ್ಲಿ ಹುಡುಗಿಯೊಬ್ಬಳಿಗೆ ದಾರಿ ಮಾಡಿಕೊಟ್ಟ. ಆಕೆಯ ಸ್ಥಿತಿ ಸ್ವಲ್ಪ ಬೇರೆ: ಗರ್ಭಕೋಶವಿದ್ದು, ಮುಟ್ಟಿನ ರಕ್ತ ಹೊರಬರಲು ದಾರಿಯಿಲ್ಲದೆ ಒಳಗೇ ಕಟ್ಟಿಕೊಂಡು ಯಾತನೆಪಡುತ್ತಿದ್ದಳು. ಆಗಿನ ವೈದ್ಯರು ಕೈಹಾಕಲು ಧೈರ್ಯ ಮಾಡಿದ್ದು ಪ್ರಾಣಕ್ಕೆ ಬಂದ ಇಂಥ ಸಂದರ್ಭಗಳಲ್ಲಿಯೇ.

ಈ ಕೆಲಸದ ತೊಡಕು ಎಲ್ಲಿದೆ? ಮುಂದುಗಡೆ ಮೂತ್ರಕೋಶ, ಹಿಂದುಗಡೆ ಗುದನಾಳ. ನಡುವೆ ಕೈಯಿಂದ ಬಿಡಿಸಬಹುದಾದ ಮೆತ್ತನೆಯ ಪದರ. ಎರಡರಲ್ಲಿ ಯಾವುದಕ್ಕೆ ಗಾಯವಾದರೂ ಹೆಂಗಸು ಜೀವಮಾನವೆಲ್ಲ ಮೂತ್ರವೋ ಮಲವೋ ಸೋರುವ ನರಕ ಅನುಭವಿಸಬೇಕು. ಎಚ್ಚರದಿಂದ ದಾರಿ ಬಿಡಿಸಿದರೂ ಅದು ನಿಲ್ಲುವುದಿಲ್ಲ. ಮರಳುನೆಲದಲ್ಲಿ ಬಾವಿ ತೋಡಿದವರಿಗೆ ಈ ಕಷ್ಟ ಗೊತ್ತು. ಅಗೆಯುವುದು ದೊಡ್ಡದಲ್ಲ, ಒಳಗಿನ ಕಲ್ಲುಕಟ್ಟಡ ಕಟ್ಟದಿದ್ದರೆ ಒಂದೇ ಮಳೆಗೆ ಸುತ್ತಲಿನ ಮಣ್ಣು ಕುಸಿದು ಬಾವಿ ಮುಚ್ಚಿಹೋಗುತ್ತದೆ. ದೇಹವೂ ಹಾಗೆಯೇ. ಗಾಯವನ್ನು ಮುಚ್ಚುವುದು ಅದರ ಧರ್ಮ. ಆದುದರಿಂದ ಅಗೆಯುವ ಪ್ರಶ್ನೆ ಬೇಗ ಹಿಂದೆ ಸರಿದು, ಒಳಗೋಡೆಗೆ ಏನು ತರುವುದು ಎಂಬ ಪ್ರಶ್ನೆ ಮುಂದೆ ಬಂದಿತು. ಮುಂದಿನ ನೂರೈವತ್ತು ವರ್ಷಗಳ ಕಥೆಯ ಬಹುಭಾಗ ಈ ಒಳಗೋಡೆಯ ಕಥೆಯೇ.

ಇಲ್ಲಿ ಕಥೆಯ ಒಂದು ಎಳೆ ನಮ್ಮ ಶ್ರೀರಂಗಪಟ್ಟಣದ ಕಡೆಗೆ ಬರುತ್ತದೆ. ೧೭೯೨ರ ಯುದ್ಧದಲ್ಲಿ ಇಂಗ್ಲಿಷರ ದಂಡಿನ ಎತ್ತು ಹೊಡೆಯುವವನಾಗಿದ್ದ ಕೋವಾಸ್‌ಜಿ ಎಂಬವನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಸುಮಾರು ಒಂದು ವರ್ಷದ ತರುವಾಯ ಪುಣೆಯ ಬಳಿಯ ದೇಶೀ ವೈದ್ಯನೊಬ್ಬ ಅವನ ಹಣೆಯ ಚರ್ಮವನ್ನು ಬಿಡಿಸಿ, ಬುಡ ಕಡಿಯದಂತೆ ಕೆಳಕ್ಕೆ ತಿರುಗಿಸಿ ಹೊಸ ಮೂಗನ್ನು ಮಾಡಿಕೊಟ್ಟ. ಈ ವೃತ್ತಾಂತ ೧೭೯೪ರಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಎಂಬ ಪತ್ರಿಕೆಯಲ್ಲಿ ಚಿತ್ರಸಮೇತ ಅಚ್ಚಾಯಿತು. ಅದರಿಂದ ಪ್ರೇರಿತನಾದ ಕಾರ್ಪ್ಯೂ ಎಂಬ ಶಸ್ತ್ರವೈದ್ಯ ೧೮೧೪ರಲ್ಲಿ ಲಂಡನ್ನಿನಲ್ಲಿ ಅದೇ ಕ್ರಮದಿಂದ ಮೂಗು ಕಟ್ಟಿದ. ದೇಹದ ಒಂದು ಕಡೆಯ ಚರ್ಮದಿಂದ ಇನ್ನೊಂದು ಕಡೆಯ ಕೊರತೆಯನ್ನು ತುಂಬಬಹುದೆಂಬ ನಂಬಿಕೆ ಯೂರೋಪಿನಲ್ಲಿ ಮತ್ತೆ ಚಿಗುರಿತು.

ಆದರೆ ಬುಡ ಕಡಿಯದ ಚರ್ಮ ಪಕ್ಕದ ಜಾಗಕ್ಕಷ್ಟೇ ತಲುಪೀತು. ಪೂರಾ ಕಿತ್ತು ದೂರ ಸಾಗಿಸಿದ ಚರ್ಮ ಬದುಕುವುದೆ? ಬದುಕುವುದೆಂದು ೧೮೬೯ರಲ್ಲಿ ರೆವರ್ಡನ್ ಸಣ್ಣ ಚೂರುಗಳಿಂದ ತೋರಿಸಿದ. ೧೮೭೪ರಲ್ಲಿ ಲೈಪ್‌ಜಿಗ್ಗಿನ ಥೀರ್ಷ್ ತೀರ ತೆಳುವಾಗಿ ಹೆರೆದ ಚರ್ಮವನ್ನು ಕಸಿ ಮಾಡುವ ದಾರಿ ಹಾಕಿಕೊಟ್ಟ. ನಾಟಿ ಹಾಕಿದ ಪೈರು ಹೊಸ ಗದ್ದೆಯಲ್ಲಿ ಬೇರು ಬಿಡುವಂತೆ ತೆಳುಚರ್ಮ ಹೊಸ ನೆಲೆಯ ರಕ್ತವನ್ನು ಕುಡಿದು ಬದುಕುತ್ತದೆ. ಬಾವಿಗೆ ಕಲ್ಲು ಸಿಕ್ಕಿತು.

ಅದನ್ನು ಕಟ್ಟಿದವನು ನ್ಯೂಯಾರ್ಕಿನ ರಾಬರ್ಟ್ ಆಬೆ. ೧೮೯೮ರಲ್ಲಿ ಅವನು ಪ್ರಕಟಿಸಿದ ಲೇಖನದ ಸಾರ ಇದು: ರಬ್ಬರಿನ ಚೀಲವೊಂದಕ್ಕೆ ಬಟ್ಟೆ ತುಂಬಿ ಬೇಕಾದ ಆಕಾರ ಕೊಟ್ಟು, ಅದರ ಹೊರಮೈಗೆ ತೆಳುಚರ್ಮವನ್ನು ಒಳಮೈ ಹೊರಗಾಗಿರುವಂತೆ ಹೊದಿಸಿ, ಬಿಡಿಸಿದ ಜಾಗದಲ್ಲಿ ಇಟ್ಟ. ಕೆಲವು ದಿನಗಳ ನಂತರ ಚೀಲವನ್ನು ತೆಗೆದಾಗ ಚರ್ಮ ಗೋಡೆಗೆ ಹತ್ತಿಕೊಂಡಿತ್ತು. ಎಷ್ಟು ಸರಳ! ಹೊಟ್ಟೆ ಕೊಯ್ಯುವುದಿಲ್ಲ, ಕರುಳು ಮುಟ್ಟುವುದಿಲ್ಲ.

ಅದೇ ವರ್ಷ ಆಬೆ ಕೆಳದುಟಿಯ ತುಂಡಿನಿಂದ ಮೇಲ್ದುಟಿಯನ್ನು ಸರಿಪಡಿಸುವ ಕ್ರಮವನ್ನೂ ಪ್ರಕಟಿಸಿದ. ತುಟಿಯ ಆ ಕ್ರಮ ಅವನ ಹೆಸರಿನಿಂದಲೇ ಶಸ್ತ್ರವೈದ್ಯರಲ್ಲಿ ಬಳಕೆಗೆ ಬಂದಿತು. ಈ ಇನ್ನೊಂದು ಕ್ರಮವೋ, ನಲವತ್ತು ವರ್ಷ ಹೆಚ್ಚುಕಡಮೆ ಯಾರ ನೆನಪಿನಲ್ಲೂ ಉಳಿಯಲಿಲ್ಲ. ಒಬ್ಬನೇ ವೈದ್ಯ, ಒಂದೇ ವರ್ಷ, ಎರಡು ಕಾಣಿಕೆ. ತುಟಿ ಎಲ್ಲರಿಗೂ ಕಾಣುವುದು. ಅದರ ಮಾತನ್ನು ಸಭೆಯಲ್ಲಿ ಆಡಬಹುದು. ಇನ್ನೊಂದರ ಮಾತನ್ನು ವೈದ್ಯನೂ ತಗ್ಗಿದ ದನಿಯಲ್ಲಿ ಆಡುತ್ತಿದ್ದ ಕಾಲ ಅದು; ರೋಗಿಯಂತೂ ಆಡುವಂತೆಯೇ ಇರಲಿಲ್ಲ. ಗುಣವಾದವಳು ನಾಲ್ಕು ಮಂದಿಗೆ ಹೇಳಿದರೆ ಚಿಕಿತ್ಸೆಗೆ ಹೆಸರು ಬರುತ್ತದೆ. ಹೇಳಬಾರದ ಗುಣಕ್ಕೆ ಹೆಸರು ಎಲ್ಲಿಂದ ಬರಬೇಕು? ಮರೆವಿಗೆ ಬೇರೆ ಕಾರಣಗಳೂ ಇದ್ದಾವು; ಆದರೆ ನಾಚಿಕೆಗೆ ಇದರಲ್ಲಿ ಪಾಲಿಲ್ಲವೆಂದು ನಾನು ಒಪ್ಪಲಾರೆ.

ಈ ಮರೆವಿಗೆ ಬೆಲೆ ತೆತ್ತವರು ಹೆಂಗಸರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅಮೆರಿಕದ ಒಹಾಯೊ ಪ್ರಾಂತದ ಬಾಲ್ಡ್‌ವಿನ್ ಎಂಬ ವೈದ್ಯ ಸಣ್ಣಕರುಳಿನ ಒಂದು ತುಂಡನ್ನು ರಕ್ತನಾಳಸಮೇತ ಕೆಳಗಿಳಿಸಿ ಒಳಗೋಡೆ ಮಾಡುವುದನ್ನು ಪ್ರಚಾರಕ್ಕೆ ತಂದ. ೧೯೧೧ರಲ್ಲಿ ಜರ್ಮನಿಯ ಶೂಬರ್ಟ್ ಗುದನಾಳವನ್ನೇ ಬಳಸಿದ. ಕರುಳಿನ ಗೋಡೆ ಸಂಕುಚಿಸುವುದಿಲ್ಲ, ತಾನೇ ಒದ್ದೆಯಾಗಿರುತ್ತದೆ ಎಂಬುದು ನಿಜ. ಆದರೆ ಪೆನಿಸಿಲಿನ್ ಇನ್ನೂ ಬಾರದಿದ್ದ ಆ ದಿನಗಳಲ್ಲಿ ಹೊಟ್ಟೆ ತೆರೆದು ಕರುಳು ಕತ್ತರಿಸುವುದೆಂದರೆ ಪ್ರಾಣದೊಡನೆ ಪಂದ್ಯ. ಪ್ರಾಣಾಪಾಯವೇನೂ ಇಲ್ಲದ ಸ್ಥಿತಿಯನ್ನು ಸರಿಪಡಿಸಿಕೊಳ್ಳಲು ಹೋಗಿ ಆರೋಗ್ಯವಂತ ಯುವತಿಯರು ಮೇಜಿನ ಮೇಲೆಯೋ ಅನಂತರದ ಸೋಂಕಿನಿಂದಲೋ ಸತ್ತರು. ಸಾಯಲು ಸಿದ್ಧವಾಗಿ ಅವರು ಏಕೆ ಬಂದರು? ಹಪ್ಪಳದತ್ತೆಯ ಬಾಳನ್ನು ಕಂಡವರಿಗೆ ಈ ಪ್ರಶ್ನೆಗೆ ಉತ್ತರ ಹೇಳಿಕೊಡಬೇಕಾಗಿಲ್ಲ. ಇಂದು ಔಷಧಗಳ ಬಲದಿಂದ ಕರುಳಿನ ಕ್ರಮವೂ ಸುರಕ್ಷಿತವಾಗಿದೆ. ಅಗತ್ಯವಿದ್ದ ಕಡೆ ನಡೆಯುತ್ತಲೂ ಇದೆ.

೧೯೩೮ ಈ ಚರಿತ್ರೆಯ ನಡುಗಂಬ. ಆ ಒಂದೇ ವರ್ಷದಲ್ಲಿ ಅಟ್ಲಾಂಟಿಕ್ ಸಾಗರದ ಎರಡು ದಡಗಳಿಂದ ಎರಡು ಲೇಖನಗಳು ಹೊರಬಂದವು. ಒಂದು ಕತ್ತಿಯನ್ನು ಪಳಗಿಸಿತು; ಇನ್ನೊಂದು ಕತ್ತಿಯೇ ಬೇಡವೆಂದಿತು.

ಕತ್ತಿ ಬೇಡವೆಂದವನು ನ್ಯೂಯಾರ್ಕಿನ ಸ್ತ್ರೀರೋಗತಜ್ಞ ರಾಬರ್ಟ್ ಫ್ರಾಂಕ್. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಹೆಂಗಸರು ಪಡುವ ಸಂಕಟವನ್ನು ೧೯೩೧ರಲ್ಲಿ ವಿವರಿಸಿ ಅದಕ್ಕೆ ಶಾಸ್ತ್ರದಲ್ಲಿ ಸ್ಥಾನ ಕೊಟ್ಟವನೂ ಇವನೇ. ಹೆಂಗಸರ ಮಾತನ್ನು ಕಿವಿಗೊಟ್ಟು ಕೇಳುವ ಅಭ್ಯಾಸ ಇವನಿಗಿತ್ತೆಂದು ಊಹಿಸಬಹುದು. ಇವನ ಕ್ರಮದಲ್ಲಿ ಯೋನಿಯ ಸ್ಥಾನದಲ್ಲಿರುವ ಸಣ್ಣ ಕುಳಿಯೇ ಮೂಲಧನ. ಕಿರಿದರಿಂದ ಹಿರಿದಕ್ಕೆ ಅಳತೆಯಾಗಿ ಮಾಡಿದ ನುಣುಪಾದ ಗಾಜಿನ ಕೊಳವೆಗಳನ್ನು ಹೆಂಗಸು ತಾನೇ, ತನ್ನ ಕೈಯಿಂದಲೇ, ದಿನವೂ ಕೆಲವು ನಿಮಿಷ ಆ ಕುಳಿಗೆ ಒತ್ತಿ ಹಿಡಿಯಬೇಕು. ಅಲ್ಲಿಯ ಚರ್ಮ ಹಿಗ್ಗುವ ಗುಣದ್ದು. ವಾರಗಳು, ತಿಂಗಳುಗಳು ಕಳೆದಂತೆ ಕುಳಿ ಆಳವಾಗಿ ಸಹಜಪ್ರಾಯವಾದ ಮಾರ್ಗವಾಗುತ್ತದೆ. ರಕ್ತವಿಲ್ಲ, ಕಸಿಯಿಲ್ಲ, ಕಲೆಯಿಲ್ಲ. ಬೇಕಾದದ್ದು ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ, ಮತ್ತು ತಾಳ್ಮೆ. ೧೯೮೧ರಲ್ಲಿ ಫ್ಲಾರಿಡಾದ ಇಂಗ್ರಾಮ್ ಎಂಬವರು ಇದನ್ನೇ ಸುಲಭ ಮಾಡಿ, ಸೈಕಲ್ಲಿನ ಸೀಟನ್ನು ಸ್ಟೂಲಿಗೆ ಕೂಡಿಸಿ, ಬಟ್ಟೆ ಧರಿಸಿಯೇ ಅದರ ಮೇಲೆ ಕುಳಿತು ದೇಹದ ಭಾರದಿಂದಲೇ ಒತ್ತಡ ಬೀಳುವಂತೆ ಮಾಡಿದರು. ಅಷ್ಟು ಹೊತ್ತು ಓದುತ್ತ ಕೂತಿರಬಹುದು.

ಕತ್ತಿಯನ್ನು ಪಳಗಿಸಿದವನು ಆರ್ಚಿಬಾಲ್ಡ್ ಮ್ಯಾಕಿಂಡೊ. ೧೯೦೦ರಲ್ಲಿ ನ್ಯೂಜಿಲೆಂಡಿನ ಡನೀಡನ್ನಿನಲ್ಲಿ ಹುಟ್ಟಿ, ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಪಳಗಿ, ಲಂಡನ್ನಿಗೆ ಬಂದು ತನ್ನ ಬಂಧು ಹೆರಾಲ್ಡ್ ಗಿಲ್ಲೀಸನ ಬಳಿ ಅಂಗಪುನರ್ರಚನೆಯ ಕಲೆಯನ್ನು ಕಲಿತವನು. ೧೯೩೮ರಲ್ಲಿ ಬ್ಯಾನಿಸ್ಟರ್ ಎಂಬ ಪ್ರಸೂತಿತಜ್ಞನೊಡನೆ ಸೇರಿ ಈತ ಬರೆದ ಲೇಖನದಲ್ಲಿ ತೆಳುಚರ್ಮ ಹೊದಿಸಿದ ಅಚ್ಚಿನ ಕ್ರಮ ಮತ್ತೆ ತಲೆಯೆತ್ತಿತು. ಆಬೆಯ ಕ್ರಮಕ್ಕೆ ಈತ ಸೇರಿಸಿದ ವಿವೇಕ ಒಂದುಂಟು. ಕಸಿಯ ಚರ್ಮ ಹತ್ತಿಕೊಂಡ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಮುಂದೆ ಹಲವು ತಿಂಗಳು ಅದು ಮುದುಡಿಕೊಳ್ಳುತ್ತಲೇ ಇರುತ್ತದೆ. ಆ ಅವಧಿ ತೀರುವವರೆಗೂ ಗಟ್ಟಿ ಅಚ್ಚನ್ನು ಬಿಡದೆ ಧರಿಸಬೇಕು. ಇಂದು ಈ ಶಸ್ತ್ರಕ್ರಿಯೆಗೆ ಆಬೆ–ಮ್ಯಾಕಿಂಡೊ ಎಂದು ಜೋಡಿಹೆಸರು. ನಮ್ಮ ದೇಶದ ಆಸ್ಪತ್ರೆಗಳಲ್ಲಿಯೂ ಇದು ದಶಕಗಳಿಂದ ರೂಢಿಯಲ್ಲಿದೆ.

ಮ್ಯಾಕಿಂಡೊನ ಹೆಸರು ಲೋಕಕ್ಕೆ ಗೊತ್ತಾದದ್ದು ಬೇರೆ ಕಾರಣದಿಂದ. ಎರಡನೆಯ ಮಹಾಯುದ್ಧದಲ್ಲಿ ವಿಮಾನಕ್ಕೆ ಬೆಂಕಿ ಬಿದ್ದು ಮುಖ, ಕೈ ಸುಟ್ಟುಕೊಂಡ ತರುಣರನ್ನು ಈಸ್ಟ್ ಗ್ರಿನ್‌ಸ್ಟೆಡ್ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿ ಆತ ಮತ್ತೆ ಮನುಷ್ಯರನ್ನಾಗಿ ಮಾಡಿದ. ಚರ್ಮ ಕಟ್ಟಿದರೆ ಸಾಲದು, ಬಾಳು ಕಟ್ಟಬೇಕೆಂದು ತಿಳಿದಿದ್ದ ಆತ ಊರಿನವರನ್ನು ಒಪ್ಪಿಸಿ, ಈ ಹುಡುಗರನ್ನು ಮನೆಗೆ ಕರೆಯುವಂತೆ, ದಿಟ್ಟಿಸಿ ನೋಡದಂತೆ ಏರ್ಪಾಟು ಮಾಡಿದ. ದಿಟ್ಟಿಸಿ ನೋಡದ ಊರು ಎಂದೇ ಅದಕ್ಕೆ ಹೆಸರಾಯಿತು. ೧೯೪೧ರಲ್ಲಿ ರೋಗಿಗಳೇ ಕೂಡಿ ‘ಗಿನಿಪಿಗ್ ಕ್ಲಬ್’ ಎಂದು ತಮಗೆ ತಾವೇ ತಮಾಷೆಯ ಹೆಸರಿಟ್ಟುಕೊಂಡು ಸಂಘ ಕಟ್ಟಿದರು. ಯುದ್ಧ ಮುಗಿಯುವ ಹೊತ್ತಿಗೆ ಅದರ ಸದಸ್ಯರು ೬೦೦ಕ್ಕೂ ಹೆಚ್ಚು. ವರ್ಷವರ್ಷವೂ ಕೂಡಿದರು, ಕುಡಿದರು, ಹಾಡಿದರು.

ಅದೇ ವೈದ್ಯನ ಕೈಯಿಂದ, ಅದೇ ತೆಳುಚರ್ಮದ ಕಸಿಯಿಂದ ಹೊಸ ಬಾಳು ಪಡೆದ ಹೆಂಗಸರಿಗೆ ಸಂಘವಿರಲಿಲ್ಲ, ಊರಿರಲಿಲ್ಲ. ಒಬ್ಬಳಿಗೆ ಇನ್ನೊಬ್ಬಳು ಇದ್ದಾಳೆಂಬುದೇ ಗೊತ್ತಿರಲಿಲ್ಲ. ಯುದ್ಧದಲ್ಲಿ ಸುಟ್ಟ ಮುಖ ಗೌರವದ ಗುರುತು; ಹುಟ್ಟಿನಲ್ಲಿ ಬಂದ ಕೊರತೆ ಬಾಯಿಬಿಡಬಾರದ ಗುಟ್ಟು. ಇಂಥ ಹೆಂಗಸರೇ ಕೂಡಿ ಕಟ್ಟಿಕೊಂಡ ಸಂಘಗಳು ಹಲವು ದೇಶಗಳಲ್ಲಿ ಕಾಣಿಸಿಕೊಂಡದ್ದು ತೀರ ಈಚೆಗೆ.

ಕಾನೂನಿನ ಕಡತಗಳಲ್ಲಿ ಮಾತ್ರ ಅವರ ಸುದ್ದಿ ಮೊದಲಿನಿಂದ ಇದೆ, ತಂದವರು ಗಂಡಂದಿರು. ೧೮೪೫ರಲ್ಲಿ ಲಂಡನ್ನಿನ ಧರ್ಮನ್ಯಾಯಾಲಯಕ್ಕೆ ಗಂಡನೊಬ್ಬ ತನ್ನ ಮದುವೆಯನ್ನು ಅಸಿಂಧುಗೊಳಿಸಬೇಕೆಂದು ಬಂದ. ಹೆಂಡತಿಗೆ ಗರ್ಭಕೋಶವಿರಲಿಲ್ಲ, ಮಾರ್ಗವೂ ಅಲ್ಪ. ನ್ಯಾಯಾಧೀಶ ಲಷಿಂಗ್ಟನ್ ಮದುವೆಯನ್ನು ರದ್ದುಮಾಡಿದ. ಆದರೆ ಮಕ್ಕಳಾಗದೆಂಬುದು ಕಾರಣವಲ್ಲ, ಸಹಜ ದಾಂಪತ್ಯ ಸಾಧ್ಯವಿಲ್ಲದಿರುವುದೇ ಕಾರಣ ಎಂದು ಎರಡನ್ನೂ ಬಿಡಿಸಿ ಹೇಳಿದ. ೧೯೬೦ರ ದಶಕದ ಆರಂಭದಲ್ಲಿ ಅಂಥದೇ ಮೊಕದ್ದಮೆ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯಕ್ಕೆ ಬಂದಾಗ, ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದಾದುದು ಅಸಾಮರ್ಥ್ಯವೆನಿಸದು ಎಂದು ತೀರ್ಪಾಯಿತು. ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಹೆಣ್ಣಿನ ದೇಹ ಬದಲಾಗಿರಲಿಲ್ಲ. ವೈದ್ಯರ ಕೈ ಬದಲಾಗಿತ್ತು, ಅದನ್ನು ಹಿಂಬಾಲಿಸಿ ನ್ಯಾಯದ ಮಾತು ಬದಲಾಯಿತು. ನಮ್ಮ ೧೯೫೫ರ ಹಿಂದೂ ವಿವಾಹ ಕಾಯಿದೆಯ ೧೨ನೆಯ ಕಲಮು ಕೂಡ, ೧೯೭೬ರ ತಿದ್ದುಪಡಿಯ ತರುವಾಯದ ರೂಪದಲ್ಲಿ, ಒಬ್ಬರ ಅಸಾಮರ್ಥ್ಯದಿಂದ ದಾಂಪತ್ಯ ನೆರವೇರದಿರುವುದನ್ನು ಹೇಳುತ್ತದೆಯೇ ಹೊರತು ಮಕ್ಕಳಾಗದಿರುವುದನ್ನು ಹೇಳುವುದಿಲ್ಲ. ಕಾಯಿದೆ ಬಲ್ಲ ಈ ಭೇದವನ್ನು ‘ಬಂಜೆ’ ಎಂಬ ಒಂದು ಮಾತು ಅಳಿಸಿಹಾಕಿಬಿಡುತ್ತದೆ.

೧೯೩೮ರ ಅನಂತರದ ಹೆಜ್ಜೆಗಳನ್ನು ಬೇಗ ಹೇಳಿ ಮುಗಿಸಬಹುದು. ೧೯೬೪ರಲ್ಲಿ ಇಂಗ್ಲೆಂಡಿನ ವಿಲಿಯಮ್ಸ್ ಹೊರಗಿನ ತುಟಿಗಳನ್ನೇ ಹೊಲಿದು ಚೀಲದಂತೆ ಮಾಡುವ ಸುಲಭ ಕ್ರಮವನ್ನು ಹೇಳಿದರು. ೧೯೬೫ರಲ್ಲಿ ಇಟಲಿಯ ವೆಕ್ಕಿಯೆಟ್ಟಿ ಕುಳಿಯಲ್ಲಿ ಒಂದು ಗುಂಡನ್ನಿಟ್ಟು, ಅದರ ದಾರಗಳನ್ನು ಹೊಟ್ಟೆಯ ಮೇಲೆ ತಂದು, ದಿನಕ್ಕೆ ಸುಮಾರು ಒಂದು ಸೆಂಟಿಮೀಟರಿನಂತೆ ಎಳೆಯುತ್ತ ವಾರದೊಳಗೆ ಮಾರ್ಗ ಮಾಡಿದರು. ಫ್ರಾಂಕನ ತಾಳ್ಮೆಯನ್ನು ಇದು ಯಂತ್ರಕ್ಕೆ ವಹಿಸಿದಂತೆ. ೧೯೬೯ರಲ್ಲಿ ರಷ್ಯದ ದಾವಿದೊವ್ ಉದರದ ಒಳಪೊರೆಯನ್ನೇ ಕೆಳಗೆಳೆದು ಗೋಡೆಯಾಗಿಸಿದರು. ಹೆರಿಗೆಯಲ್ಲಿ ಶಿಶುವಿನೊಡನೆ ಬಂದು ಕಸದ ಪಾಲಾಗುವ ತೆಳುಪೊರೆಯನ್ನು ಶುದ್ಧಮಾಡಿ ಒಳಗೋಡೆಗೆ ಬಳಸಿದ ವರದಿಯೊಂದು ೧೯೮೪ರಲ್ಲಿ ನಮ್ಮ ಚಂಡೀಗಢದಿಂದ ಹೋಗಿ ಇಂಗ್ಲೆಂಡಿನ ಪತ್ರಿಕೆಯಲ್ಲಿ ಪ್ರಕಟವಾಯಿತು. ತೊಡೆಯ ಚರ್ಮ ಹೆರೆದ ಕಲೆಯೂ ಇದರಲ್ಲಿ ಉಳಿಯುವುದಿಲ್ಲ. ಖರ್ಚೂ ಇಲ್ಲವೆನ್ನುವಷ್ಟು ಕಡಮೆ. ೨೦೧೪ರಲ್ಲಿ ಆಂಟನಿ ಅಟಾಲ ಅವರ ತಂಡ ಇನ್ನೂ ಮುಂದೆ ಹೋದ ಸುದ್ದಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದಿತು: ಹದಿಮೂರರಿಂದ ಹದಿನೆಂಟರ ವಯಸ್ಸಿನ ನಾಲ್ವರು ಹುಡುಗಿಯರ ದೇಹದ ಚೂರಿನಿಂದಲೇ ಜೀವಕೋಶಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ, ಅವರವರ ಅಂಗವನ್ನು ಅವರವರ ಕೋಶಗಳಿಂದಲೇ ನಿರ್ಮಿಸಿ, ೨೦೦೫ರಿಂದ ೨೦೦೮ರ ನಡುವೆ ಮೆಕ್ಸಿಕೊ ನಗರದಲ್ಲಿ ಜೋಡಿಸಿದ್ದರು.

ಇಷ್ಟೆಲ್ಲ ಆದ ಮೇಲೆ ಶಾಸ್ತ್ರದ ಇಂದಿನ ಮಾತು ಏನು? ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಮಂಡಲಿ ೨೦೧೮ರಲ್ಲಿ ಹೇಳಿದ್ದು ಇದು: ಮೊದಲು ಮಾಡತಕ್ಕದ್ದು ಶಸ್ತ್ರವಿಲ್ಲದೆ ಹಿಗ್ಗಿಸುವ ಕ್ರಮ, ಸರಿಯಾಗಿ ಹೇಳಿಕೊಟ್ಟು ಧೈರ್ಯ ತುಂಬಿದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಅದೇ ಸಾಕು. ಎಂಬತ್ತು ವರ್ಷ ಸುತ್ತಿ ಬಳಸಿ ಬಂದು ನಿಂತದ್ದು ಫ್ರಾಂಕನ ಗಾಜಿನ ಕೊಳವೆಯ ಬಳಿಗೇ! ಇದರರ್ಥ ನಡುವಿನವರ ಶ್ರಮ ವ್ಯರ್ಥವಾಯಿತೆಂದಲ್ಲ. ಕೊಳವೆಯಿಂದ ಆಗದವರಿಗೆ, ಬೇಡದವರಿಗೆ, ಬೇರೆ ತೊಡಕಿರುವವರಿಗೆ ಶಸ್ತ್ರಕ್ರಿಯೆ ಬೇಕೇ ಬೇಕು. ಆದರೆ ಎರಡರ ಸ್ವಭಾವಭೇದವನ್ನು ಗಮನಿಸಿರಿ. ಒಂದನ್ನು ವೈದ್ಯ ಮಾಡುತ್ತಾನೆ, ಹೆಣ್ಣು ಮಲಗಿರುತ್ತಾಳೆ. ಇನ್ನೊಂದನ್ನು ಹೆಣ್ಣೇ ಮಾಡಿಕೊಳ್ಳಬೇಕು. ಆಕೆಗೆ ಮನಸ್ಸಿಲ್ಲದಿದ್ದರೆ ಆಗುವುದೇ ಇಲ್ಲ. ಬಹಳ ಕಾಲ ಈ ಶಸ್ತ್ರಕ್ರಿಯೆಗಳಿಗೆ ಮುಹೂರ್ತ ಇಟ್ಟದ್ದು ಮದುವೆಯ ಲಗ್ನಪತ್ರಿಕೆ. ಫಲವನ್ನು ಅಳೆದದ್ದು ಗಂಡನ ತೃಪ್ತಿ. ಶಸ್ತ್ರವಾದ ಮೇಲೆ ತಿಂಗಳುಗಟ್ಟಲೆ ಅಚ್ಚು ಧರಿಸುವ ಕಷ್ಟಕ್ಕೆ ಹುಡುಗಿ ಒಳಗಿನಿಂದ ಒಪ್ಪಿರದಿದ್ದರೆ ಅದನ್ನು ಕಿತ್ತೆಸೆಯುತ್ತಾಳೆ. ಗೋಡೆ ಮುದುಡಿ ಬಾವಿ ಮುಚ್ಚಿಹೋಗುತ್ತದೆ. ಎರಡನೆಯ ಶಸ್ತ್ರ ಮೊದಲಿನದಕ್ಕಿಂತ ಕಠಿಣ. ಆದುದರಿಂದ ಯಾವುದನ್ನು ಮಾಡುವುದು, ಯ���ವಾಗ ಮಾಡುವುದು, ಮಾಡಬೇಕೋ ಬೇಡವೋ ಎಂಬುದನ್ನು ಬುದ್ಧಿ ಬಲಿತ ಮೇಲೆ ಆಕೆಯೇ ನಿರ್ಧರಿಸಬೇಕೆಂಬ ವಿವೇಕ ಮೂಡಿದೆ. ‘ಯಾರಿಗಾಗಿ’ ಎಂಬ ಪ್ರಶ್ನೆಯನ್ನು ವೈದ್ಯಶಾಸ್ತ್ರ ಎಲ್ಲಕ್ಕಿಂತ ಕಡೆಗೆ ಕೇಳಿಕೊಂಡಿತು. ಮೊದಲೇ ಕೇಳಿಕೊಂಡಿದ್ದರೆ ಎಷ್ಟೋ ದಾರಿ ಉಳಿಯುತ್ತಿತ್ತು.

ಇನ್ನು ಮಕ್ಕಳ ಮಾತು. ಅಂಡಾಶಯ ಸರಿಯಿರುವ ಈ ಹೆಂಗಸರು ಶಾಸ್ತ್ರದೃಷ್ಟಿಯಿಂದ ಬರಡಲ್ಲ, ಬೀಜವಿದೆ, ತೊಟ್ಟಿಲಿಲ್ಲ. ಬೇರೆಯವರ ಗರ್ಭದಲ್ಲಿ ತಮ್ಮದೇ ಮಗು ಬೆಳೆಯುವ ದಾರಿ ಮೊದಲು ತೆರೆಯಿತು. ೨೦೧೪ರ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನಲ್ಲಿ, ಮಾಟ್ಸ್ ಬ್ರಾನ್‌ಸ್ಟ್ರೋಮ್ ಅವರ ತಂಡದ ಯತ್ನದಿಂದ, ಹುಟ್ಟಿನಿಂದ ಗರ್ಭಕೋಶವಿಲ್ಲದ ಮೂವತ್ತೈದರ ಹೆಂಗಸೊಬ್ಬಳು ತನ್ನ ಹೊಟ್ಟೆಯಲ್ಲೇ ಹೊತ್ತು ಗಂಡುಮಗುವನ್ನು ಪಡೆದಳು. ಗರ್ಭಕೋಶವನ್ನು ಕೊಟ್ಟವರು ಅರವತ್ತೊಂದು ವರ್ಷದ ಮನೆಯ ಸ್ನೇಹಿತೆ. ೨೦೧೭ರ ಮೇ ತಿಂಗಳಲ್ಲಿ ಪುಣೆಯಲ್ಲಿ ಶೈಲೇಶ್ ಪುಣತಾಂಬೇಕರ್ ಅವರ ತಂಡ ತಾಯಿಯ ಗರ್ಭಕೋಶವನ್ನು, ಅದಿಲ್ಲದೆ ಹುಟ್ಟಿದ ಮಗಳಿಗೆ ಜೋಡಿಸಿತು. ತಾನು ಬೆಳೆದ ಕೋಣೆಯನ್ನೇ ಮಗಳು ತವರಿನ ಉಡುಗೊರೆಯಾಗಿ ಪಡೆದಂತಾಯಿತು. ೨೦೨೧ರ ಬಾಡಿಗೆತಾಯ್ತನದ ಕಾಯಿದೆ ಹಣದ ವ್ಯಾಪಾರವನ್ನು ತಡೆದರೂ ಗರ್ಭಕೋಶವಿಲ್ಲದವರಿಗೆ ಬಾಗಿಲು ಮುಚ್ಚಲಿಲ್ಲ. ೨೦೨೩ರ ಮಾರ್ಚಿಯಲ್ಲಿ ನಿಯಮ ಬಿಗಿಯಾಗಿ, ದಾನಿಯ ಅಂಡವನ್ನು ಬಳಸುವಂತಿಲ್ಲ ಎಂದಾಯಿತು. ನಾವು ಹೇಳುತ್ತಿರುವ ಸ್ಥಿತಿಯೊಡನೆ ಸ್ವಂತ ಅಂಡವೂ ದೊರೆಯದ ಹೆಂಗಸೊಬ್ಬಳು ಸುಪ್ರೀಂ ಕೋರ್ಟಿಗೆ ಹೋದಳು. ಅದೇ ವರ್ಷದ ಅಕ್ಟೋಬರಿನಲ್ಲಿ ಕೋರ್ಟು ಆಕೆಗೆ ಅನುಕೂಲವಾಗಿ ಆಜ್ಞೆ ಮಾಡಿತು. ೨೦೨೪ರ ಫೆಬ್ರವರಿಯಲ್ಲಿ ಸರಕಾರ ನಿಯಮವನ್ನೇ ತಿದ್ದಿತು. ೧೮೪೫ರಲ್ಲಿ ಗಂಡ ಹೆಂಡತಿಯ ಮೇಲೆ ಕೋರ್ಟಿಗೆ ಹೋಗಿದ್ದ. ಈಗ ಹೆಂಡತಿ ತನ್ನ ಹಕ್ಕಿಗಾಗಿ ಹೋದಳು. ಚರಿತ್ರೆ ನಡೆದ ದೂರವನ್ನು ಅಳೆಯಲು ಈ ಎರಡು ಗುರುತುಕಲ್ಲುಗಳು ಸಾಕು.

ಆದರೆ ಚರಿತ್ರೆ ಎಲ್ಲ ಬೀದಿಗಳಲ್ಲಿಯೂ ಒಂದೇ ವೇಗದಿಂದ ನಡೆಯುವುದಿಲ್ಲ. ಹದಿನಾರು ತುಂಬಿದ ಮಗಳು ಮೈನೆರೆಯದಿದ್ದರೆ ಇಂದಿಗೂ ಎಷ್ಟೋ ತಾಯಂದಿರು ಮೊದಲು ಹೋಗುವುದು ಜೋಯಿಸರ ಮನೆಗೆ, ಅನಂತರ ಮದುವೆಯ ಚಪ್ಪರಕ್ಕೆ. ನಡುವೆ ಆಸ್ಪತ್ರೆಯೊಂದಿದೆ. ಅಲ್ಲಿ ಹೊಟ್ಟೆಯ ಮೇಲೆ ಯಂತ್ರವಿಟ್ಟು ನೋಡುವ ನೋವಿಲ್ಲದ ಪರೀಕ್ಷೆಯಿಂದಲೇ ಬಹುಮಟ್ಟಿಗೆ ತಿಳಿದುಹೋಗುತ್ತದೆ. ತಿಳಿದದ್ದನ್ನು ತಾಯಿಗೆ ಹೇಳಿ ಮಗಳಿಗೆ ಮುಚ್ಚಿಡದೆ, ಮೊದಲು ಮಗಳಿಗೇ ಹೇಳಬೇಕು. ನೀನು ಹೆಣ್ಣೇ; ನಿನ್ನಂಥವರು ಇನ್ನೂ ಇದ್ದಾರೆ; ದಾರಿಯುಂಟು; ಅವಸರವಿಲ್ಲ. ಈ ನಾಲ್ಕು ಮಾತಿಗೆ ಯಾವ ಶಸ್ತ್ರವೂ ಬೇಕಿಲ್ಲ.

ಹಪ್ಪಳದತ್ತೆ ತೀರಿಕೊಂಡಾಗ ನಾನು ಊರಿನಲ್ಲಿರಲಿಲ್ಲ. ಅನಂತರ ಹೋದಾಗ ಅವರ ಮನೆಯ ಜಗುಲಿಯ ಮೇಲೆ ಹಪ್ಪಳದ ಮಣೆಯೂ ಲಟ್ಟಣಿಗೆಯೂ ಹಾಗೆಯೇ ಇದ್ದವು. ಈಗ ತದ್ಭವದ ಪಾಠಕ್ಕೆ ಬಂದಾಗ ನಾನು ‘ಸಂಧ್ಯಾ–ಸಂಜೆ’ಯ ಕೆಳಗೆ ‘ಧ್ಯಾನ–ಜಾನ’ ಎಂದು ಬರೆಯುತ್ತೇನೆ. ವ್ಯಾಕರಣಕ್ಕೆ ಇದರಿಂದ ನಷ್ಟವೇನೂ ಇಲ್ಲ. ಆದರೂ ವರ್ಷಕ್ಕೊಮ್ಮೆ ಯಾರಾದರೂ ಹಳೆಯ ಪಠ್ಯದಿಂದ ಆ ಇನ್ನೊಂದು ಮಾತನ್ನು ಎತ್ತಿಯೇ ಎತ್ತುತ್ತಾರೆ. ಆಗ ಸುಣ್ಣದ ಕಡ್ಡಿಯನ್ನು ಕೆಳಗಿಟ್ಟು, ಅರ್ಧ ಗಂಟೆ ವ್ಯಾಕರಣ ಬಿಟ್ಟು, ಈ ಕಥೆಯನ್ನು ಹೇಳುತ್ತೇನೆ.